ಅಂಗೈ ಕೆಳಗಿನ ಕೈ

ಮಧುಗಿರಿಯ ಹೆಣ್ಣುಮಕ್ಕಳ ಸಂಘದವರು ಒಂದು ಪುಸ್ತಕ ಮಾಡುತ್ತಾರಂತೆ. ವಯಸ್ಸಾದವರು ತಮ್ಮ ಅನುಭವ ಬರೆದುಕೊಡಬೇಕಂತೆ. ನಮ್ಮ ಮನೆಗೂ ಇಬ್ಬರು ಬಂದಿದ್ದರು. ‘ಅಜ್ಜೀ, ಹಾಸಿಗೆ ಹಿಡಿದ ಅತ್ತೆಯನ್ನ ಮೂರು ವರ್ಷ ನೋಡ್ಕೊಂಡ್ರಲ್ಲ, ಅದನ್ನೇ ಬರೀರಿ. ಶಾಲು ಹೊದಿಸಿದ ಫೋಟೋನೂ ಕೊಡಿ’ ಎಂದರು. ಫೋಟೋ ಅವರ ತಲೆಯ ಮೇಲೇ ಗೋಡೆಯಲ್ಲಿ ತೂಗುತ್ತಿತ್ತು. ಕೊಡಲಿಲ್ಲ. ಬರೆದಿಡುತ್ತೇನೆ, ಹೋಗಿ ಬನ್ನಿ ಎಂದೆ.

ನಾನು ಓದಿದ್ದು ಮೂರನೇ ಕ್ಲಾಸಿನವರೆಗೆ. ಒತ್ತಕ್ಷರ ಬಂದರೆ ಕೈ ನಿಲ್ಲುತ್ತದೆ. ಇಷ್ಟು ಬರೆಯುವುದಕ್ಕೆ ಒಂದು ತಿಂಗಳು ಹಿಡಿಯಿತು. ಅಚ್ಚು ಹಾಕುವವರು ಅಕ್ಷರ ತಿದ್ದಿಕೊಳ್ಳಲಿ. ಮಾತು ತಿದ್ದುವುದು ಬೇಡ.

ನಮ್ಮ ಅತ್ತೆಯನ್ನು ನೋಡಿಕೊಂಡವಳು ನಾನಲ್ಲ. ಹಿತ್ತಲ ಬಾಗಿಲಿಂದ ಬಂದು ಹಿತ್ತಲ ಬಾಗಿಲಿಂದಲೇ ಹೋಗುತ್ತಿದ್ದ ಒಬ್ಬ ಹೆಂಗಸು. ಕುರಿ ಸಾಕುವ ಮನೆಯವಳು. ಗೌಡಗೆರೆ ಹತ್ತಿರದ ನಮ್ಮೂರಲ್ಲಿ ನಮ್ಮ ಹಿತ್ತಲು ಮುಗಿದ ಕಡೆ ಅವಳ ಕುರಿರೊಪ್ಪದ ಮುಳ್ಳುಬೇಲಿ ಶುರುವಾಗುತ್ತಿತ್ತು. ಹೋದ ಕಾರ್ತಿಕದಲ್ಲಿ ತೀರಿಕೊಂಡಳು. ಹೆಸರು ಬರೆಯುವುದಿಲ್ಲ. ಅವಳು ಬದುಕಿದ್ದಾಗ ಹೆಸರು ಮುಚ್ಚಿಟ್ಟವಳು ನಾನು. ಸತ್ತ ಮೇಲೆ ಅದನ್ನು ಅಚ್ಚು ಹಾಕಿಸಿ ಒಳ್ಳೆಯವಳು ಅನ್ನಿಸಿಕೊಳ್ಳುವುದು ನನಗೆ ಬೇಕಿಲ್ಲ.

ನೋಡಲು ಏನೂ ಚೆಂದವಿರಲಿಲ್ಲ. ಒಣಕಲು ಮೈ, ಎಲೆಅಡಿಕೆ ತಿಂದು ಕೆಂಪಾದ ಹಲ್ಲು, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಬಾಯಿ ಕೆಟ್ಟದ್ದು. ನಾಯಿಗೂ ಬೈಯುವಳು, ನಿಲ್ಲದೆ ಹೋದ ಬಸ್ಸಿಗೂ ಬೈಯುವಳು. ನಮ್ಮ ನುಗ್ಗೆಮರದ ಸೊಪ್ಪನ್ನು ಕೇಳದೆಯೇ ಮಡಿಲು ತುಂಬ ಕಿತ್ತುಕೊಂಡು ಹೋಗುವಳು. ಯಾಕೆ ಎಂದರೆ, ‘ನಾನ್ ಕೀಳ್ದಿದ್ರೆ ಕಂಬ್ಳಿಹುಳ ತಿಂತಾವೆ ಬುಡಕ್ಕ’ ಎನ್ನುವಳು. ದೇವತೆ ಎಂದು ಯಾರೂ ತಿಳಿಯಬೇಡಿ.

ಅವಳದೊಂದು ಚಾಳಿ ಇತ್ತು. ದಾರಿಯಲ್ಲಿ ಜಾಲಿಮುಳ್ಳು ಕಂಡರೆ ಬಗ್ಗಿ ಎತ್ತಿ ಬೇಲಿಗೆ ಎಸೆದೇ ಮುಂದಕ್ಕೆ ಹೆಜ್ಜೆ ಇಡುವಳು. ಗೌಡಗೆರೆಗೆ ಅವಳ ಜೊತೆ ನಡೆದು ಹೋಗುವುದೆಂದರೆ ಹೊತ್ತು ಹಿಡಿಯುತ್ತಿತ್ತು. ‘ಊರೋರ್ ಕಾಲಿನ ಮುಳ್ಳೆಲ್ಲ ನೀನೇ ಎತ್ತಬೇಕೇನೆ?’ ಎಂದು ಒಂದು ಸಲ ಗದರಿದೆ. ‘ವಾಪಸ್ ಬರಾಳೂ ನಾನೇ ಅಲ್ವಾ? ನನ್ ಕಾಲಿಗೇ ಚುಚ್ಚಾದು’ ಎಂದಳು. ಏನೇ ಒಳ್ಳೆಯದು ಮಾಡಿದರೂ ಅದಕ್ಕೊಂದು ಸ್ವಂತ ಲಾಭದ ಕಾರಣ ಹೇಳುವಳು. ಹೊಗಳಿಸಿಕೊಳ್ಳುವುದು ಅವಳಿಗೆ ಬರುತ್ತಿರಲಿಲ್ಲ. ನನಗೆ ಚೆನ್ನಾಗಿ ಬರುತ್ತಿತ್ತು.

ನಮ್ಮದು ಲಿಂಗ ಕಟ್ಟುವ ಮನೆ. ಅತ್ತೆ ಬಲು ಕಟ್ಟುನಿಟ್ಟು. ಬೇರೆಯವರು ಪಡಸಾಲೆ ದಾಟಿ ಒಳಗೆ ಬರುವ ಹಾಗಿರಲಿಲ್ಲ. ಅಂಥವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ವಯಸ್ಸಾಗಿದೆ, ಮನೆಯಲ್ಲೇ ನೋಡಿಕೊಳ್ಳಿ ಎಂದು ತುಮಕೂರಿನ ಡಾಕ್ಟರು ಕಳಿಸಿದರು. ನಮ್ಮ ಯಜಮಾನರು ಸಿರಾದ ಕಡಲೆಕಾಯಿ ಮಂಡಿಯಲ್ಲಿ ಕೆಲಸಕ್ಕಿದ್ದರು, ಬೆಳಗಿನ ಬಸ್ಸಿಗೆ ಹೋದರೆ ಸಂಜೆ ಬಸ್ಸಿಗೆ ಬರುವುದು. ಮಕ್ಕಳು ಸ್ಕೂಲಿಗೆ. ಹಿಂದಿನ ಕೋಣೆಯಲ್ಲಿ ಅತ್ತೆ, ಮನೆಯಲ್ಲಿ ನಾನೊಬ್ಬಳೇ.

ಹೊಲಸು ತೆಗೆಯುವುದು ನನ್ನಿಂದ ಆಗಲಿಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೋದೆ, ಕರ್ಪೂರ ಹಚ್ಚಿಕೊಂಡು ಹೋದೆ. ಹೋದಷ್ಟೇ ಬೇಗ ಹಿತ್ತಲಿಗೆ ಓಡಿಬಂದು ವಾಂತಿ ಮಾಡುತ್ತಿದ್ದೆ. ಮೂರನೇ ದಿನವೋ ನಾಲ್ಕನೇ ದಿನವೋ ಹಾಗೆ ಬಗ್ಗಿ ನಿಂತಿದ್ದಾಗ ಬೇಲಿಯಾಚೆಯಿಂದ ಅವಳು ನೋಡಿದಳು.

‘ಏನಕ್ಕಾ, ಬಸುರಾ?’

‘ನಿನ್ನ ಬಾಯಿಗೆ ಮಣ್ಣು ಹಾಕ. ಅತ್ತೆ ಕಣೆ. ನನ್ನ ಕೈಲಾಗಲ್ಲ.’

ಅವಳು ಬೇಲಿ ಸರಿಸಿಕೊಂಡು ಬಂದಳು, ತೊಟ್ಟಿಯಿಂದ ಒಂದು ಬಕೆಟ್ಟು ನೀರು ತುಂಬಿಕೊಂಡಳು, ನೇರ ಒಳಗೆ ಹೋದಳು. ನಾನು ಬೇಡ ಎನ್ನಬೇಕಿತ್ತು. ಅನ್ನಲಿಲ್ಲ.

ಒಳಗಿನಿಂದ ಅತ್ತೆ ಕೂಗಿದ್ದು ಕೇಳಿಸಿತು. ‘ಯಾರೇ ಅದು? ಮುಟ್ಟಬ್ಯಾಡ! ಕುರಿ ವಾಸನೆ ಹೊಡೀತೀಯ!’

‘ನಿಮ್ ವಾಸ್ನೆಗಿಂತ ವಾಸಿ ಬುಡಿ ಅಮ್ಮಾರೆ. ಒಸಿ ಮಗ್ಲಾಗಿ.’

ಅದಕ್ಕೆ ಅತ್ತೆ ನಕ್ಕರು. ಬಿದ್ದ ಮೇಲೆ ಅವರು ನಕ್ಕಿದ್ದು ಅದೇ ಮೊದಲು.

ಅವತ್ತಿನಿಂದ ದಿನಾ ಮಧ್ಯಾಹ್ನ ಬಂದಳು. ಮೂರು ವರ್ಷ. ಅವಳ ಗಂಡ ಕುರಿ ಹೊಡೆದುಕೊಂಡು ಹುಲಿಕುಂಟೆ ಕಡೆಯ ಬಯಲಿಗೆ ಹೋಗುತ್ತಿದ್ದ. ಮರಿಗಳನ್ನು ರೊಪ್ಪದಲ್ಲಿ ಕೂಡಿ, ಸೊಪ್ಪು ಕಟ್ಟಿ, ಬಾಗಿಲಿಗೆ ಮುಳ್ಳಿನ ಪಡಿ ಎಳೆದು ಇತ್ತ ಬರುವಳು. ಅವಳ ಕೆಲಸ ನೋಡಬೇಕಿತ್ತು. ಅತ್ತೆಯ ಮೈಕೆಳಗೆ ಮಡಿಸಿದ ಕಂಬಳಿ ಹಾಸಿದ್ದಳು. ಅದರ ಒಂದು ಅಂಚು ಹಿಡಿದು ಮೆಲ್ಲಗೆ ಎಳೆದರೆ ಅತ್ತೆ ತಾನಾಗಿ ಮಗ್ಗುಲಾಗುತ್ತಿದ್ದರು. ನಾನು ಹೊರಳಿಸಿದರೆ ಕಿರುಚುತ್ತಿದ್ದ ಜೀವ ಅವಳ ಕೈಯಲ್ಲಿ ಗೊಣಗುತ್ತಲೂ ಇರಲಿಲ್ಲ. ಬೆನ್ನಿನಲ್ಲಿ ಒಂದು ಹುಣ್ಣಾಗಲಿಲ್ಲ. ಕೆಲಸ ಮಾಡುವಾಗ ಮರಿಗಳನ್ನು ಕರೆಯುವ ಹಾಗೆ ನಾಲಿಗೆಯಲ್ಲಿ ಟೊಕ್ ಟೊಕ್ ಎನ್ನುವಳು. ಮುಗಿದ ಮೇಲೆ ಚೊಂಬು ಬೋರಲು ಹಾಕಿ, ಕೈಗೆ ಬೂದಿ ಉಜ್ಜಿ ತೊಳೆದು ಹೊರಡುವಳು. ಹಿಂದಕ್ಕೆ ತಿರುಗಿ ನೋಡುವುದಿಲ್ಲ.

ಅತ್ತೆಗೆ ಲಿಂಗಪೂಜೆ ತಪ್ಪುವಂತಿರಲಿಲ್ಲ. ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಪೂಜೆ ಮಾಡಬೇಕು. ಬಿದ್ದ ಮೇಲೆ ಆ ಕೈ ನಡುಗುತ್ತಿತ್ತು, ಬರಬರುತ್ತ ಮುಷ್ಟಿ ಕಟ್ಟಿಕೊಳ್ಳತೊಡಗಿತು. ನಾನು ಬೆರಳು ಎಳೆದರೆ ನೋವೆಂದು ಬೈಯುವರು. ಅವಳು ಬೆಚ್ಚಗಿನ ಹರಳೆಣ್ಣೆ ಹಚ್ಚಿ, ಬೆರಳು ಮುಟ್ಟದೆ, ಮಣಿಕಟ್ಟಿನ ಒಳಗಡೆ ಹೆಬ್ಬೆರಳಿಂದ ಒತ್ತಿ ನೀವುವಳು. ಮುಷ್ಟಿ ತಾನೇ ಬಿಚ್ಚಿಕೊಳ್ಳುತ್ತಿತ್ತು. ಆಮೇಲೆ ಅತ್ತೆಯ ಅಂಗೈ ಕೆಳಗೆ ತನ್ನ ಅಂಗೈ ಕೊಟ್ಟು ಕೂರುವಳು.

‘ನಾನ್ ಲಿಂಗ ಮುಟ್ಟಾಕಿಲ್ಲ ಅಮ್ಮಾರೆ. ನಿಮ್ ಕೈ ಮುಟ್ತೀನಿ ಅಷ್ಟೆ. ಮಾಡ್ಕಳಿ ಪೂಜೆ.’

ಪೂಜೆ ಮುಗಿಯುವವರೆಗೂ ಅವಳ ಕೈ ಅಲುಗುತ್ತಿರಲಿಲ್ಲ. ಬೇರೆಯವರ ನೆರಳು ಬಿದ್ದರೆ ಮಡಿ ಕೆಟ್ಟಿತು ಎನ್ನುತ್ತಿದ್ದ ಅತ್ತೆ, ಮಧ್ಯಾಹ್ನ ಆದರೆ ಹಿತ್ತಲ ಬಾಗಿಲ ಕಡೆಗೇ ಮುಖ ಮಾಡಿರುತ್ತಿದ್ದರು. ಅತ್ತೆ ಬದಲಾದರು. ನಾನು ಆಗಲಿಲ್ಲ. ಅವಳು ಹೋದ ಮೇಲೆ ಹೊಸ್ತಿಲಿಗೆ ಸಗಣಿನೀರು ಹಾಕುತ್ತಿದ್ದೆ. ಒಂದು ದಿನ ಮರೆತ ಎಲೆಅಡಿಕೆ ಚೀಲಕ್ಕೆಂದು ವಾಪಸು ಬಂದವಳು ಅದನ್ನು ನೋಡಿದಳು. ನನ್ನ ಕೈಯಲ್ಲಿ ಬಕೆಟ್ಟು.

‘ಜಾರ್ತೈತೆ ಕಣಕ್ಕ, ಹುಷಾರು’ ಎಂದಳು. ಚೀಲ ತೆಗೆದುಕೊಂಡು ಹೋದಳು.

ಇನ್ನು ಆಣೆಯ ವಿಷಯ. ಅವಳು ಬರಲು ಶುರುಮಾಡಿದ ವಾರದಲ್ಲೇ ನನಗೆ ಹೆದರಿಕೆ ಹತ್ತಿತು. ಲಿಂಗದ ಮನೆಯ ಮುದುಕಿಯನ್ನು ಕುರಿಯವಳು ತೊಳೆಯುತ್ತಾಳೆ ಎಂದರೆ ನೆಂಟರು ಏನಂದಾರು? ಸೊಸೆ ಕೈಬಿಟ್ಟಳು ಎಂದರೆ? ಅವಳ ಮಗಳು ಆಗ ಏಳೆಂಟು ವರ್ಷದವಳು. ‘ನಿನ್ನ ಮಗಳ ತಲೆ ಮೇಲೆ ಆಣೆ ಇಡು, ಯಾರ ಹತ್ರಾನೂ ಬಾಯಿ ಬಿಡಲ್ಲ ಅಂತ. ನಿನ್ನ ಗಂಡನ ಹತ್ರಾನೂ’ ಎಂದೆ. ಅವಳು ನಕ್ಕಳು. ‘ಇದೇನ್ ಚಿನ್ನ ಕದ್ದಂಗಾ ಅಕ್ಕಾ, ಆಣೆಗೀಣೆ ಮಾಡಾಕೆ?’ ಎಂದಳು. ನಾನು ಬಿಡಲಿಲ್ಲ. ಇಟ್ಟಳು. ನಮ್ಮ ಕಡೆ ಮಕ್ಕಳ ತಲೆ ಮೇಲಿನ ಆಣೆ ಎಂದರೆ ತಮಾಷೆಯಲ್ಲ. ಇಡಿಸಿಕೊಂಡವರು ‘ಬಿಟ್ಟೆ’ ಎನ್ನುವವರೆಗೆ ಅದು ಇರುತ್ತದೆ. ಅತ್ತೆಗೂ ಗಂಡ ಮಕ್ಕಳಿಗೂ ಹೊರಗೆ ಹೇಳಬೇಡಿ ಎಂದಿದ್ದೆ.

ಎರಡನೇ ವರ್ಷದ ಬೇಸಿಗೆಯಲ್ಲಿ, ಅವಳು ನಮ್ಮ ಹಿಂದಿನ ಕೋಣೆಯಲ್ಲಿದ್ದ ಹೊತ್ತಿಗೆ, ನಾಯಿಗಳು ಮುಳ್ಳಿನ ಪಡಿ ಕಿತ್ತು ರೊಪ್ಪಕ್ಕೆ ನುಗ್ಗಿದವು. ಮರಿಗಳ ಕೂಗು ನಮಗಿಬ್ಬರಿಗೂ ಕೇಳಿಸಿತು. ಅತ್ತೆ ಅರ್ಧ ಮಗ್ಗುಲಾಗಿದ್ದರು, ಬಿಟ್ಟರೆ ಮಂಚದಿಂದ ಬೀಳುತ್ತಾರೆ. ‘ಬಾ ಅಕ್ಕ, ಹಿಡ್ಕ!’ ಎಂದು ಕೂಗಿದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಮೈ ಒರೆಸುವುದು ಇನ್ನೂ ಮುಗಿದಿರಲಿಲ್ಲ. ಒಳಗೆ ಕಾಲಿಡಲು ನನಗೆ ಮನಸ್ಸು ಬರಲಿಲ್ಲ. ಅವಳು ಅತ್ತೆಯನ್ನು ಸರಿಯಾಗಿ ಮಲಗಿಸಿ ಓಡುವಷ್ಟರಲ್ಲಿ ನಾಲ್ಕು ಮರಿ ಸತ್ತಿದ್ದವು.

ಅವತ್ತು ಸಂಜೆ ಕುರಿ ಮನೆಗೆ ಬಂದ ಮೇಲೆ ಅವಳ ಗಂಡನ ಕೂಗು ನಮ್ಮ ಅಡುಗೆಮನೆಗೆ ಕೇಳಿಸಿತು. ‘ಎಲ್ಲೋಗಿದ್ದೆ? ಯೋಳು, ಎಲ್ಲೋಗಿದ್ದೆ?’ ಅವಳ ಮಾತು ಕೇಳಿಸಲಿಲ್ಲ. ಏಟು ಕೇಳಿಸಿತು. ನಾನು ಒಲೆ ಮುಂದೆ ಕೂತಿದ್ದೆ. ಎದ್ದು ಬೇಲಿ ತನಕ ಹೋಗಿ ‘ನಮ್ಮ ಮನೆಯಲ್ಲಿದ್ದಳು’ ಎಂದಿದ್ದರೆ ಮುಗಿಯುತ್ತಿತ್ತು. ಇಪ್ಪತ್ತು ಹೆಜ್ಜೆ. ಮುದ್ದೆ ತಿರುವಿದೆ.

ಮಾರನೆಯ ಮಧ್ಯಾಹ್ನ ಬಂದಳು. ಎಡಗೆನ್ನೆ ಊದಿ ಕಣ್ಣು ಮುಚ್ಚಿತ್ತು.

‘ಏನೇ ಅದು?’ ಎಂದೆ.

‘ಟಗರು ಗುಮ್ತು’ ಎಂದಳು.

ಹೌದಾ ಎಂದೆ. ಆಣೆ ಬಿಟ್ಟೆ ಎನ್ನಲಿಲ್ಲ. ಅತ್ತೆ ಮಾತ್ರ ಆ ಕೆನ್ನೆಯನ್ನೇ ನೋಡಿ ಎಣ್ಣೆ ಹಚ್ಚಿಸಿಕೊಂಡ ಕೈಯಿಂದ ಅವಳ ತಲೆ ಸವರಿದರು. ಅವಳು, ‘ಎಣ್ಣೆ ಕೈ ಅಮ್ಮಾರೆ, ತಲೆಗೆಲ್ಲ ಮೆತ್ತಬ್ಯಾಡಿ’ ಎಂದಳು.

ಅತ್ತೆ ತೀರಿಕೊಂಡ ದಿನ ಮನೆ ತುಂಬ ನೆಂಟರು. ನಮ್ಮಲ್ಲಿ ಕುಳ್ಳಿರಿಸಿ, ಎಡ ಅಂಗೈಯಲ್ಲಿ ಲಿಂಗ ಇಟ್ಟು ಮಣ್ಣು ಮಾಡುವುದು. ಅಯ್ಯನವರು ಬಂದು ಕೂತರು. ಅತ್ತೆಯ ಎಡಗೈ ಮುಷ್ಟಿ ಕಟ್ಟಿತ್ತು. ‘ಕೈ ಬಿಡಿಸಿ ತಾಯೀ’ ಎಂದರು. ನಾನು ಎಳೆದೆ, ನಮ್ಮ ನಾದಿನಿ ಎಳೆದಳು. ಆಗಲಿಲ್ಲ. ಅವಳು ಊರಿನವರ ಜೊತೆ ಅಂಗಳದಲ್ಲಿ ನಿಂತಿದ್ದಳು. ತೆರೆದ ಬಾಗಿಲಿಂದ ನೋಡುತ್ತಿದ್ದವಳು ತಡೆಯಲಾರದೆ ಕೂಗಿಬಿಟ್ಟಳು.

‘ಬೆರಳು ಎಳೀಬ್ಯಾಡ ಕಣಕ್ಕೋ! ಮಣಿಕಟ್ಟು ಒತ್ತು, ಮಣಿಕಟ್ಟು!’

ಎಲ್ಲರೂ ಅವಳ ಕಡೆ ತಿರುಗಿದರು. ನಾದಿನಿ ಹುಬ್ಬು ಗಂಟಿಕ್ಕಿ, ‘ಅವಳಿಗೆಂಗೆ ಗೊತ್ತು ನಮ್ಮವ್ವನ ಕೈ?’ ಎಂದಳು.

‘ಕುರಿ ಕಾಲು ನೀವಿ ನೀವಿ ಗೊತ್ತಿರ್ತದೆ’ ಎಂದೆ. ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಎಂದೆ.

ಒಂದು ಕ್ಷಣ ಅವಳು ನನ್ನನ್ನೇ ನೋಡಿದಳು. ಆಮೇಲೆ, ‘ಊಂ ಕಣ್ರವ್ವ, ಕುರಿ ಕಾಲೂ ಇಂಗೇ ಸೆಟ್ಕಂತಾವೆ’ ಎಂದಳು.

ನನ್ನ ಸುಳ್ಳಿನ ಕೆಳಗೂ ಅವಳೇ ಅಂಗೈ ಕೊಟ್ಟಳು. ಅವಳು ಹೇಳಿದ ಕಡೆ ಹೆಬ್ಬೆರಳಿಟ್ಟು ಒತ್ತಿದೆ, ಹೆಣದ ಮುಷ್ಟಿ ಸಡಿಲವಾಯಿತು. ಅಯ್ಯನವರು, ‘ಮೂರು ವರ್ಷ ಸೇವೆ ಮಾಡಿದ ಕೈ, ಅದಕ್ಕೇ ಒಲೀತು’ ಎಂದರು. ಹೆಂಗಸರು ಕಣ್ಣೊರೆಸಿಕೊಂಡರು. ಮಣ್ಣಿಗೆ ಹೋಗುವಾಗ ಅವಳು ಎಲ್ಲರಿಗಿಂತ ಹಿಂದೆ ನಡೆಯುತ್ತಿದ್ದಳು. ದಾರಿಯ ಮುಳ್ಳು ಎತ್ತುತ್ತಿದ್ದಳು.

ಅಯ್ಯನವರ ಆ ಮಾತು ಊರೂರು ತಿರುಗಿತು. ಮಾರನೆಯ ವರ್ಷ ಕೊರಟಗೆರೆಯಲ್ಲಿ ಒಂದು ಛತ್ರದಲ್ಲಿ ಏಳು ದಿನ ಪ್ರವಚನ ನಡೆಯಿತು. ಕಡೆಯ ದಿನ ಸೇವೆ ಮಾಡಿದ ಹೆಂಗಸರಿಗೆ ಸನ್ಮಾನ ಎಂದು ನನ್ನನ್ನೂ ಕರೆದರು. ಊಟ ಹಾಕುತ್ತಾರಂತೆ ಎಂದು ಅವಳೂ ಜೊತೆಗೆ ಬಂದಳು. ಪ್ರವಚನದವರು ನಿಷ್ಕಾಮ ಕರ್ಮದ ಬಗ್ಗೆ ಹೇಳಿದರು. ಮಾಡುವ ಕೆಲಸ ನನ್ನದು ಎನ್ನಬಾರದು, ಅದರಿಂದ ಬರುವುದು ನನಗೆ ಎನ್ನಬಾರದು, ಹಾಗೆ ಮಾಡಿದವರಿಗೆ ಜಪ ಬೇಡ, ತಪಸ್ಸು ಬೇಡ, ಆ ಕೆಲಸವೇ ದೇವರ ಹತ್ತಿರ ಕರೆದುಕೊಂಡು ಹೋಗುತ್ತದೆ ಎಂದರು. ಆಮೇಲೆ ನನ್ನನ್ನು ಮೇಲಕ್ಕೆ ಕರೆದು, ‘ಈ ತಾಯಿ ಓದಿದವರಲ್ಲ, ಆದರೂ ಕರ್ಮಯೋಗಿ’ ಎಂದು ಶಾಲು ಹೊದಿಸಿದರು. ಕೆಳಗೆ ಜಮಖಾನದ ಮೇಲೆ ಕೂತು ಅವಳು ಎರಡೂ ಕೈಯಿಂದ ಚಪ್ಪಾಳೆ ಹೊಡೆಯುತ್ತಿದ್ದಳು. ಫೋಟೋ ತೆಗೆದರು. ಹೋದವಾರದ ತನಕ ಗೋಡೆಯಲ್ಲಿದ್ದದ್ದು ಅದೇ.

ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತಳು.

‘ಅಕ್ಕಾ, ಅವ್ರು ಏನಂದ್ರು? ಫಲ ಬ್ಯಾಡ ಅಂದ್ರೆ ಕಡ್ಲೆಕಾಯಿ ಹಾಕ್ಬುಟ್ಟು ಕೀಳ್ದಂಗೆ ಬುಟ್ಬುಡಾದಾ?’

‘ಅಂಗಲ್ಲ ಕಣೆ. ಮಾಡಬೇಕು, ಆಸೆ ಇಟ್ಕೋಬಾರದು.’

‘ಅದ್ ನನ್ ಕೈಲಾಗಾಕಿಲ್ಲಪ್ಪ. ನಾನು ಎಲ್ಲಾ ಆಸೆಗೇ ಮಾಡಾದು.’

‘ಹಂಗಾದ್ರೆ ನಮ್ಮತ್ತೆಗೆ ಯಾವ ಆಸೆಗೆ ಮಾಡ್ದೆ?’ ಬಾಯಿ ಜಾರಿ ಕೇಳಿದೆ. ಮುಂದಿನ ಸೀಟಿನವರಿಗೆ ಕೇಳಿಸಿತೇನೋ ಎಂದು ಆಮೇಲೆ ನೋಡಿದೆ.

‘ನಿಮ್ ಹಿಂದ್ಲ ಕೋಣೆ ತಣ್ಣಗಿರ್ತಿತ್ತು ಕಣಕ್ಕ. ಆ ಬಿಸ್ಲಲ್ಲಿ ಕುಂತ್ಕಳಾಕೆ ಒಂದ್ ನೆಳ್ಳು ಬ್ಯಾಡ್ವಾ?’ ಎಂದಳು. ಆಮೇಲೆ ಶಾಲಿನ ಅಂಚು ಹಿಡಿದು ಉಜ್ಜಿ ನೋಡಿ, ‘ಚೆನ್ನಾಗೈತೆ. ಬೆಚ್ಚಗಿರ್ತದೆ’ ಎಂದಳು.

ಚುಚ್ಚಿ ಹೇಳಿದಳು ಎಂದು ಎಷ್ಟೋ ದಿನ ಅಂದುಕೊಂಡೆ. ಹಾಗಿದ್ದಿದ್ದರೆ ನನಗೆ ಸುಖವಾಗುತ್ತಿತ್ತು. ಅವಳು ಶಾಲಿನ ವಿಷಯ ಅಷ್ಟೇ ಹೇಳಿದ್ದು.

ಆರು ವರ್ಷದ ಹಿಂದೆ ಗಂಡ ಹೆಂಡತಿ ಕುರಿ ಮಾರಿ ಪಾವಗಡ ಕಡೆ ತಿರುಮಣಿಗೆ, ಮಗಳ ಮನೆಗೆ ಹೋದರು. ಹೋದ ವರ್ಷ ಅವಳಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದಳು ಎಂದು ಗೊತ್ತಾಯಿತು. ಒಂದು ಸಲವಾದರೂ ಹೋಗಿ ಮಗ್ಗುಲು ತಿರುಗಿಸಿ ಬರಬೇಕು ಅಂದುಕೊಂಡೆ. ಮೊಣಕಾಲು ನೋವು ಎಂದೆ, ಹಬ್ಬ ಬಂತು ಎಂದೆ, ಮಳೆ ಎಂದೆ. ಎರಡು ತಿಂಗಳು ಹೋಯಿತು. ಸತ್ತಳು ಎಂದು ಫೋನ್ ಬಂತು. ಮೂರನೇ ದಿನ, ಹಾಲು ತುಪ್ಪಕ್ಕೆ ಹೋದೆ.

ಅಲ್ಲಿ ಮೊದಲಿನ ಹೊಲಗಳೆಲ್ಲ ಈಗ ಸೋಲಾರ್ ಗಾಜು. ಮನೆ ಮುಂದೆ ಚಪ್ಪರದ ಕೆಳಗೆ ಒಂದು ಮುದುಕಿ, ‘ಎವರಮ್ಮಾ ನೀವು, ಯಾವೂರು?’ ಎಂದು ತೆಲುಗು ಬೆರೆಸಿ ಕೇಳಿತು. ಅವಳ ಗಂಡ ಗುರುತು ಹಿಡಿದು, ‘ನಮ್ಮೂರ ಅಮ್ಮಾರು, ನಮ್ ಹಿತ್ಲ ಮನೆಯೋರು’ ಎಂದು ಚಾಪೆ ಹಾಕಿಸಿದ. ಮುದುಕನಾಗಿದ್ದ. ಸಮಾಧಿಗೆ ಎಡೆ ಇಟ್ಟು ಬಂದು ಎಲ್ಲರೂ ಕೂತಿದ್ದರು. ಸತ್ತವಳ ಮಾತು ನಡೆಯುತ್ತಿತ್ತು.

‘ಒಳ್ಳೆ ಹೆಂಗ್ಸೇ’ ಎಂದ ಮುದುಕ. ‘ಆದ್ರೆ ಮನೆ ಕಡೆ ನಿಗಾ ಇರ್ಲಿಲ್ಲ. ಮದ್ಯಾನ ಆದ್ರೆ ಎಲ್ಲೋ ಹೊಂಟೋಗಾಳು. ಒಂದಿನ ನಾಕು ಮರಿ ನಾಯಿ ಬಾಯಿಗೆ ಹಾಕುದ್ಲು.’

ಮಗಳು ಅಳುತ್ತಲೇ ನಕ್ಕಳು. ‘ನಾಯಿಗೆ ಬಾಡೂಟ ಹಾಕ್ದೋಳು ಅಂತ ನಾವೆಲ್ಲ ಅವ್ವನ್ನ ಕಿಚಾಯ್ಸಾದು. ಕಡೇವರ್ಗೂ ಕಿಚಾಯ್ಸುದ್ವಿ. ಎಲ್ಲೋಗಿದ್ದೆ ಅಂದ್ರೆ ಬಾಯೇ ಬುಡ್ತಿರ್ಲಿಲ್ಲ.’ ಕೂತವರೂ ನಕ್ಕರು. ಆ ಮನೆಯ ಹಳೆಯ ತಮಾಷೆ ಅದು.

‘ನಮ್ಮ ಮನೇಲಿದ್ಲು’ ಎಂದೆ.

ಯಾರಿಗೂ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದೆ. ಅತ್ತೆ, ಹಿತ್ತಲ ಬಾಗಿಲು, ಮೂರು ವರ್ಷ, ಆಣೆ. ಹೇಳಿ ಹಗುರವಾಗಿ ಬರೋಣ ಎಂದೇ ಹೋಗಿದ್ದು ನಾನು. ನನ್ನ ಲಾಭಕ್ಕೇ. ಮುದುಕ ನೆಲ ನೋಡುತ್ತ ಕೇಳಿಸಿಕೊಂಡ. ಆಮೇಲೆ ಮಗಳಿಗೆ, ‘ಒಳಗಿರೋರ್ನೆಲ್ಲ ಕರ್ಕಂಬಾ’ ಎಂದ. ಎಲ್ಲರೂ ಬಂದು ನಿಂತರು.

‘ಅಮ್ಮಾರೆ, ಇನ್ನೊಂದ್ ಕಿತ ಯೋಳಿ. ಇವ್ರೂ ಕೇಳುಸ್ಕಳ್ಲಿ.’

ಎರಡನೇ ಸಲ ಹೇಳುವುದು ಬಲು ಕಷ್ಟವಾಯಿತು. ಮಗಳು ತನ್ನ ನೆತ್ತಿ ಮುಟ್ಟಿಕೊಂಡು, ‘ನನ್ ಮ್ಯಾಲಾ ಆಣೆ?’ ಎಂದಳು. ಹೌದು ಎಂದೆ. ಅವಳು ಎದ್ದು ಒಳಗೆ ಹೋದಳು.

ಮುದುಕ ನನ್ನ ಕಡೆ ತಿರುಗಿದ. ‘ಅವತ್ತು ನಾನು ಅವಳ್ನ ಹೊಡ್ದೆ ಕಣಮ್ಮ’ ಎಂದ. ‘ಕಣ್ ಮುಚ್ಕಳಂಗೆ ಹೊಡ್ದೆ. ನಿಮ್ಗೆ ಗೊತ್ತಿತ್ತಾ?’

‘ಇಲ್ಲ’ ಎಂದೆ.

‘ನಿಮ್ಗೆಂಗೆ ಗೊತ್ತಾಗ್ಬೇಕು ಬುಡಿ’ ಎಂದ. ‘ಗೊತ್ತಿದ್ರೆ ಸುಮ್ಕಿರ್ತಿದ್ರಾ? ಬಂದು ಯೋಳ್ತಿದ್ರಿ.’ ನನಗೆ ಸಮಾಧಾನ ಹೇಳಿ, ಊಟ ಮಾಡಿಸಿ, ಪಾವಗಡದ ಬಸ್ಸು ಹತ್ತಿಸಲು ರಸ್ತೆಯ ತನಕ ಬಂದ.

ನನಗೆ ಗೊತ್ತಿತ್ತು. ಕೂಗೂ ಕೇಳಿತ್ತು, ಏಟೂ ಕೇಳಿತ್ತು, ಕೆನ್ನೆಯನ್ನೂ ನೋಡಿದ್ದೆ.

ಪುಸ್ತಕ ಆದರೆ ಸಂಘದವರು ನನಗೆ ಪ್ರತಿ ಕೊಡುವುದು ಬೇಡ. ಒಂದನ್ನು ತಿರುಮಣಿಗೆ ಕಳಿಸಿ, ಮನೆ ಗುರುತು ನಾನು ಹೇಳುತ್ತೇನೆ. ಅವಳ ಮಗಳಿಗೆ ಓದು ಬರುತ್ತದೆ. ಅಪ್ಪನಿಗೆ ಓದಿ ಹೇಳಲಿ.